ಕಿಟಕಿಗೆ ಇಟ್ಟ ಕೂಸು

ಗೊಂಬೆಯಕ್ಕ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕ್ರಿಸ್‌ಮಸ್ಸಿನ ಹಿಂದಿನ ದಿನ ಅವಳು ಮಾಡಿದ ಕೆಲಸ ಕೇಳಿದರೆ ಎಂಥವರಿಗೂ ಮೈ ಉರಿಯುತ್ತದೆ. ನಾಲ್ಕು ಅಂತಸ್ತಿನ ಆ ದೊಡ್ಡ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳದು ಒಂದೇ ಕೆಲಸ. ರಸ್ತೆಗೆ ಮುಖ ಮಾಡಿದ ಗಾಜಿನ ಕಿಟಕಿಯೊಳಗೆ ಬರಿಗಾಲಲ್ಲಿ ನಿಂತು, ಬಾಯಲ್ಲಿ ನಾಲ್ಕಾರು ಗುಂಡುಸೂಜಿ ಕಚ್ಚಿಕೊಂಡು, ಆಳೆತ್ತರದ ಗೊಂಬೆಗಳಿಗೆ ಬಟ್ಟೆ ತೊಡಿಸುವುದು; ಅವುಗಳ ಸುತ್ತ ಕುರ್ಚಿ, ದೀಪ, ಪಾತ್ರೆ, ಪೆಟ್ಟಿಗೆ ಜೋಡಿಸಿ, ದಾರಿಯಲ್ಲಿ ಹೋಗುವವರು ನಿಂತು ಒಳಗೆ ಬರುವಂತೆ ಮಾಡುವುದು. ಅವಳ ಕೈಗುಣ ದೊಡ್ಡದು. ಛತ್ರಿ ಕೊಳ್ಳಲು ಬಂದವರು ಅವಳ ಕಿಟಕಿ ನೋಡಿ ಸೋಫಾ ಕೊಂಡುಹೋದದ್ದುಂಟು.

ಅವಳು ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು. ಡಿಸೆಂಬರ್ ಬಂತೆಂದರೆ ಫಾದರ್ ಪೀಠದ ಮುಂದೆ ನಿಂತು, ‘ಬೇಕು ಬೇಕು ಅನ್ನೋ ಬಾಯಿಯನ್ನ ಈ ತಿಂಗಳಾದರೂ ಮುಚ್ಚಿಡಿ’ ಎಂದು ಪ್ರಸಂಗ ಮಾಡುತ್ತಿದ್ದರು. ಎಲ್ಲರೂ ತಲೆದೂಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಗೊಂಬೆಯಕ್ಕ. ಸೋಮವಾರ ಬೆಳಿಗ್ಗೆ ಅದೇ ಗೊಂಬೆಯಕ್ಕ ಕಿಟಕಿಯೊಳಗೆ ಹತ್ತಿ, ಇಡೀ ಊರಿನ ಬಾಯಲ್ಲಿ ‘ಬೇಕು’ ಅನ್ನಿಸುತ್ತಿದ್ದಳು. ಇವೆರಡೂ ಒಂದಕ್ಕೊಂದು ತಗಲುತ್ತವೆ ಎಂಬುದು ಅವಳಿಗೆ ಹೊಳೆಯಲಿಲ್ಲ ಅಂತಲ್ಲ. ಹೊಳೆದಾಗಲೆಲ್ಲ ಅವಳು ಇನ್ನೊಂದು ಗುಂಡುಸೂಜಿ ಹುಡುಕತೊಡಗುತ್ತಿದ್ದಳು.

ಅವರ ಚರ್ಚಿನಲ್ಲಿ ಒಂದು ಪದ್ಧತಿ. ಮೊಳಕ್ಕಿಂತ ಚಿಕ್ಕದಾದ ಮರದ ಬಾಲಯೇಸು ಒಂದಿದೆ, ಅಜ್ಜಂದಿರ ಕಾಲದ್ದು. ಡಿಸೆಂಬರ್ ಒಂದರಿಂದ ಅದು ಮನೆಯಿಂದ ಮನೆಗೆ ಹೋಗುತ್ತದೆ, ಒಂದೊಂದು ಮನೆಯಲ್ಲಿ ಒಂದೊಂದು ದಿನ. ಅಲ್ಲಿಯವರೆಗೆ ಹಬ್ಬಕ್ಕೆಂದು ಚರ್ಚಿನಲ್ಲಿ ಕಟ್ಟಿದ ಕೊಟ್ಟಿಗೆಯಲ್ಲಿ ಗೋದಲಿ, ಅಂದರೆ ಕೂಸನ್ನು ಮಲಗಿಸುವ ಹುಲ್ಲಿನ ತೊಟ್ಟಿ, ಖಾಲಿಯೇ ಇರಬೇಕು. ಇಪ್ಪತ್ನಾಲ್ಕರ ಸಂಜೆ ಐದಕ್ಕೆ, ಪೂಜೆ ಶುರುವಾಗುವಾಗ, ಕೊನೆಯ ಮನೆಯವರು ಕೂಸನ್ನು ಎತ್ತಿಕೊಂಡು ಬಂದು ಗೋದಲಿಯಲ್ಲಿ ಮಲಗಿಸುತ್ತಾರೆ. ಆ ಕೊನೆಯ ಮನೆಯ ಸರದಿ ಸುಮ್ಮನೆ ಬರುವುದಿಲ್ಲ, ಚೀಟಿ ಎತ್ತುತ್ತಾರೆ. ಆ ವರ್ಷ ಅದು ಗೊಂಬೆಯಕ್ಕನ ಮನೆಗೆ ಬಂತು. ಅವಳು ಅಕ್ಟೋಬರಿನಿಂದಲೇ ಮಾಲೀಕರ ಹಿಂದೆ ಬಿದ್ದು, ಇಪ್ಪತ್ನಾಲ್ಕರಂದು ಮಧ್ಯಾಹ್ನ ಮೂರರ ಮೇಲೆ ರಜೆ ಗಿಟ್ಟಿಸಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಆ ಸಂಜೆಯ ಪೂಜೆಗೆ ಅವಳು ಒಮ್ಮೆಯೂ ಹೋದವಳಲ್ಲ. ಆ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಕೂಸು ಬಂದ ಮನೆಯವರು ಬರಿಗೈಲಿ ಕಳಿಸಬಾರದು ಎಂಬುದು ಪದ್ಧತಿಗೆ ಅಂಟಿಕೊಂಡ ಇನ್ನೊಂದು ಪದ್ಧತಿ. ಯಾರೋ ಒಮ್ಮೆ ಕೂದಲಿಗೆ ಚಿನ್ನದ ಬಣ್ಣ ಹಚ್ಚಿದರು. ಮುಂದಿನ ವರ್ಷ ಇನ್ಯಾರೋ ಮೈಗೆ ಗುಲಾಬಿ ಬಳಿದರು. ಆಮೇಲೆ ಕಿರೀಟ, ಆಮೇಲೆ ಮಿಂಚಿನ ಪುಡಿ. ಹೋದ ವರ್ಷ ವಕೀಲರ ಹೆಂಡತಿ ಜರಿ ಅಂಗಿ ಹೊಲಿಸಿದ್ದರು. ಈ ವರ್ಷ ಡಾಕ್ಟರ ಮನೆಯವರು ಮುತ್ತಿನ ಸರ ಹಾಕಿದ್ದರು. ಕೂಸಿನ ಮೈಮೇಲೆ ಬಣ್ಣ ಎಷ್ಟು ದಪ್ಪವಾಗಿತ್ತೆಂದರೆ ಬೆರಳುಗಳೆಲ್ಲ ಒಂದಕ್ಕೊಂದು ಅಂಟಿ ಕೈಗವಸು ಹಾಕಿದಂತೆ ಕಾಣುತ್ತಿದ್ದವು. ಕೂಸು ಮಾತ್ರ ಸದಾ ಮುಗುಳ್ನಗುತ್ತಿತ್ತು.

ಗೊಂಬೆಯಕ್ಕ ಸುಮ್ಮನಿರುತ್ತಾಳೆಯೇ? ಇಪ್ಪತ್ಮೂರರ ಸಂಜೆ ಊಟದ ಮೇಜಿನ ಮೇಲೆ ಕೂಸನ್ನು ಮಲಗಿಸಿ, ಕೆನ್ನೆಗೆ ಕೆಂಪು ತೀಡಿ, ತುಟಿಗೆ ತನ್ನದೇ ಉಗುರು ಬಣ್ಣ ಹಚ್ಚಿದಳು.

“ಕೂಸಿಗೇನು ಮದುವೆ ಗೊತ್ತಾಗಿದೆಯಾ?” ಎಂದು ಕೇಳಿದರು ಅವಳ ಯಜಮಾನರು. ಅವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು; ಯಾವುದಕ್ಕೂ ಅವಸರ ಮಾಡುವವರಲ್ಲ.

“ನಿಮಗೇನು ಗೊತ್ತಾಗತ್ತೆ. ಸುಮ್ನೆ ಆ ಫ್ರಿಜ್ಜಿನ ಬಾಗಿಲು ಹಾಕಿ.”

ಫ್ರಿಜ್ಜಿನ ಬಾಗಿಲು ಹಾಕುವುದೆಂದರೆ ಅದನ್ನು ಮೊಣಕಾಲಲ್ಲಿ ಒತ್ತಿ, ಕುರ್ಚಿ ಆನಿಸಿ ಇಡುವುದು. ಹದಿನೆಂಟು ವರ್ಷದ ಹಳೇ ಫ್ರಿಜ್ಜು. ಅಂಗಡಿಯ ಎರಡನೇ ಮಹಡಿಯಲ್ಲಿ ಬೆಳ್ಳಿ ಬಣ್ಣದ ಎರಡು ಬಾಗಿಲಿನದೊಂದು ಇತ್ತು. ಗೊಂಬೆಯಕ್ಕ ದಿನಾ ಆ ದಾರಿಯಲ್ಲಿ ಹೋಗುವಾಗ ಅದರ ಬಾಗಿಲು ತೆಗೆದು, ಒಳಗಿನ ಹೊಸ ವಾಸನೆಯನ್ನು ಒಮ್ಮೆ ಎಳೆದುಕೊಂಡು, ಮತ್ತೆ ಹಾಕಿ ಹೋಗುತ್ತಿದ್ದಳು. ಪಾಪ, ಆಸೆ ಯಾರಿಗಿಲ್ಲ. ಆ ವರ್ಷ ಅಂಗಡಿಯ ಎಲ್ಲಾ ಶಾಖೆಗಳಿಗೂ ಕಿಟಕಿ ಅಲಂಕಾರದ ಸ್ಪರ್ಧೆ ಇಟ್ಟಿದ್ದರು. ಮೊದಲ ಬಹುಮಾನ ಅದೇ ಫ್ರಿಜ್ಜು.

ಇಪ್ಪತ್ನಾಲ್ಕರ ಬೆಳಿಗ್ಗೆ ಅವಳು ಕೂಸನ್ನು ಟವೆಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಬಂದಳು. ಅಲ್ಲಿಂದ ನೇರ ಚರ್ಚಿಗೆ ಹೋಗುವ ಯೋಚನೆ. ಅವಳ ಕಿಟಕಿ ಸಿದ್ಧವಾಗಿತ್ತು. ಹುಲ್ಲು ಹೊದಿಸಿದ ಕೊಟ್ಟಿಗೆ, ಉಣ್ಣೆ ಹೊದ್ದ ಮರಿಯಮ್ಮ, ಕೋಲೂರಿ ನಿಂತ ಜೋಸೆಫ್, ಕತ್ತೆ, ಕುರಿಗಳು. ಗೋದಲಿ ಮಾತ್ರ ಖಾಲಿ. ಅದರಲ್ಲಿ ಏನಾದರೂ ಇಡಬೇಕೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಹತ್ತು ಗಂಟೆಗೆ ಮಾಲೀಕರು ಬಂದು ಗಾಜಿನಾಚೆ ನಿಂತು ನೋಡಿದರು. “ಏನಮ್ಮ ಇದು, ತೊಟ್ಟಿಲೇ ಖಾಲಿ?”

“ಇವತ್ತು ಸಂಜೆವರೆಗೂ ಖಾಲಿನೇ ಇರ್ಬೇಕು ಸಾರ್. ಕೂಸು ಇನ್ನೂ ಹುಟ್ಟಿಲ್ಲ.”

“ತೀರ್ಪುಗಾರರು ಹನ್ನೊಂದಕ್ಕೆ ಬರ್ತಾರೆ. ಅಷ್ಟರೊಳಗೆ ಹುಟ್ಸಿ,” ಎಂದು ಮಾಲೀಕರು ಹೊರಟುಹೋದರು.

ಅವಳು ಆಟಿಕೆ ಮಹಡಿಗೆ ಓಡಿದಳು. ಅಲ್ಲಿ ಉಳಿದದ್ದು ಒಂದೇ ಬಗೆಯ ಗೊಂಬೆ. ಹೊಟ್ಟೆ ಒತ್ತಿದರೆ ‘ಮಮ್ಮಿ’ ಅನ್ನುವುದು, ಬಾಟಲಿ ಹಾಲು ಕುಡಿಸಿದರೆ ಒದ್ದೆ ಮಾಡಿಕೊಳ್ಳುವುದು. ಅದನ್ನು ಗೋದಲಿಯಲ್ಲಿ ಮಲಗಿಸಿದರೆ ತೀರ್ಪುಗಾರರೇನು, ಕತ್ತೆಯೂ ನಗುತ್ತದೆ. ನೆಲಮಾಳಿಗೆಯ ತನ್ನ ಕೋಣೆಗೆ ಬಂದು ಕೂತಳು. ಮೇಜಿನ ಮೇಲೆ ಚೀಲ. ಚೀಲದೊಳಗೆ ಕೂಸು.

ಛೇ, ಬೇಡ ಅಂದುಕೊಂಡಳು. ಒಂದೇ ಗಂಟೆ ತಾನೇ, ಅಂದುಕೊಂಡಳು. ಕೊಟ್ಟಿಗೆಯಲ್ಲೇ ಅಲ್ಲವೇ ಇಡುವುದು, ಕೊಳಚೆಯಲ್ಲಲ್ಲವಲ್ಲ. ದೇವರೇ, ಹದಿನೆಂಟು ವರ್ಷದಿಂದ ಕುರ್ಚಿ ಆನಿಸ್ತಿದೀನಿ, ನಿನಗೆ ಕಾಣಲ್ವಾ, ಅಂತಲೂ ಅಂದುಕೊಂಡಳು. ಅದು ಪ್ರಾರ್ಥನೆ ಅಂತ ಅವಳು ತಿಳಿದಿದ್ದಳು. ಆಮೇಲೆ ಕೂಸನ್ನು ಎತ್ತಿಕೊಂಡು ಹೋಗಿ ಕಿಟಕಿಯಲ್ಲಿ ಮಲಗಿಸಿದಳು.

ತೀರ್ಪುಗಾರರು ಮೂವರು; ಉಳಿದ ಶಾಖೆಗಳನ್ನೆಲ್ಲ ಹಿಂದಿನ ದಿನವೇ ನೋಡಿ ಬಂದವರು. ಗಾಜಿಗೆ ಮೂಗು ಒತ್ತಿ ನಿಂತವರು ಅಲ್ಲಾಡಲಿಲ್ಲ. ಹಳೇ ಮರದ ಕೂಸು, ಜರಿ ಅಂಗಿ, ಮುತ್ತಿನ ಸರ, ಕೆಂಪು ತುಟಿ! ಹನ್ನೊಂದೂವರೆಗೆಲ್ಲ ಫಲಿತಾಂಶ ಹೇಳಿಬಿಟ್ಟರು. ಗೊಂಬೆಯಕ್ಕನನ್ನು ಎರಡನೇ ಮಹಡಿಗೆ ಕರೆದೊಯ್ದು, ಫ್ರಿಜ್ಜಿನ ಪಕ್ಕ ನಿಲ್ಲಿಸಿ, ಒಂದು ಕೈಯನ್ನು ಅದರ ಬಾಗಿಲ ಮೇಲೆ ಇರಿಸಿ ಫೋಟೋ ತೆಗೆದರು.

ಆ ಅಂಗಡಿಯಲ್ಲಿ ಇಪ್ಪತ್ನಾಲ್ಕರ ಮಧ್ಯಾಹ್ನ ಹನ್ನೆರಡಕ್ಕೆ ‘ಕಿಟಕಿ ಮಾರಾಟ’ ಶುರು. ಕಿಟಕಿಯಲ್ಲಿ ಏನೇನಿದೆಯೋ ಅದೆಲ್ಲ ಅರ್ಧ ಬೆಲೆಗೆ, ಮೊದಲು ಕೈ ಹಾಕಿದವರಿಗೆ. ಈ ಯೋಚನೆ ಮಾಲೀಕರ ತಲೆಗೆ ಹಾಕಿದವಳೇ ಗೊಂಬೆಯಕ್ಕ. ಎಲ್ಲಾ ಬಿಚ್ಚಿ ಕಟ್ಟಿ ಒಳಗಿಡುವ ತಾಪತ್ರಯ ತಪ್ಪಲೆಂದು ಹತ್ತು ವರ್ಷದ ಕೆಳಗೆ ಹೇಳಿದ್ದಳು. ಹಾಗಾಗಿ ಮರೆತುಹೋಯಿತು ಅಂತ ಹೇಳುವಂತಿಲ್ಲ. ಅವಳಿಗೆ ನೆನಪಾಯಿತು. ಗೋಡೆ ಗಡಿಯಾರ ಹನ್ನೆರಡಕ್ಕೆ ಐದು ನಿಮಿಷ ತೋರಿಸುವಾಗ ಮೆಟ್ಟಿಲ ಕಡೆ ಎರಡು ಹೆಜ್ಜೆಯನ್ನೂ ಇಟ್ಟಳು. ಆದರೆ ಅಷ್ಟರಲ್ಲಿ ಮಾಲೀಕರು, “ಬಾಗಿಲು ತೆಗೆದು ಇನ್ನೊಂದು ಫೋಟೋ,” ಅಂದರು. ಇನ್ನೊಂದೇ ತಾನೇ, ಅಂದುಕೊಂಡಳು. ಆಮೇಲೆ ತೀರ್ಪುಗಾರರ ಜೊತೆ ಊಟ, ಮಾಲೀಕರ ಪಕ್ಕದ ಕುರ್ಚಿ. ಇಪ್ಪತ್ತೆರಡು ವರ್ಷದಲ್ಲಿ ಆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಹತ್ತು ನಿಮಿಷ ಹತ್ತು ನಿಮಿಷ ಅಂತ ಅವಳು ಅಲ್ಲಿಂದ ಎದ್ದಾಗ ಎರಡು ಗಂಟೆ.

ಕಿಟಕಿಯಲ್ಲಿ ಕತ್ತೆ ಇರಲಿಲ್ಲ. ಕುರಿಗಳಿರಲಿಲ್ಲ. ಜೋಸೆಫನ ಕೋಲನ್ನೂ ಯಾರೋ ಕೊಂಡುಹೋಗಿದ್ದರು. ಗೋದಲಿ, ಅದರೊಳಗಿನ ಹುಲ್ಲಿನ ಸಮೇತ, ಮಾಯ.

ಗೊಂಬೆಯಕ್ಕ ಓಡಿ, ಬಿಲ್ಲು ಹಾಕುವ ಹುಡುಗಿಯ ಮುಂದೆ ಹೋಗಿ ನಿಂತಳು.

“ಮರದ್ದಾ ಅಕ್ಕ? ಹೋಯ್ತು. ಅದಕ್ಕೆ ಬೆಲೆ ಚೀಟಿನೇ ಇರ್ಲಿಲ್ಲ. ಗೊಂಬೆ ಲೆಕ್ಕದಲ್ಲಿ ಒಂದು ಚೀಟಿ ಹಣೆ ಮೇಲೆ ಅಂಟಿಸಿ ಕೊಟ್ಟೆ,” ಎಂದಳು ಹುಡುಗಿ. “ತಗೊಂಡ ಮನುಷ್ಯ ನನ್ನ ಮೇಲೇ ರೇಗಾಡಿದ. ಇಂಥದ್ದರ ಹಣೆಗೆ ಚೀಟಿ ಅಂಟಿಸ್ತಾರೇನಮ್ಮ ಅಂತ. ಇಂಥವು ಇನ್ನೂ ಬಂದ್ರೆ ಹೇಳಿ ಅಂತ ಕಾರ್ಡ್ ಕೊಟ್ಟು ಹೋಗಿದಾನೆ.”

ಕಾರ್ಡಿನಲ್ಲಿ ಬರೆದದ್ದು ಇಷ್ಟೇ: ಬಾಗಿಲು, ಕಿಟಕಿ, ತೊಟ್ಟಿಲು. ಕೆಳಗೆ ವಿಳಾಸ.

ಚೀಲ ಎತ್ತಿಕೊಂಡು ಹೊರಗೆ ಬಂದರೆ ಅಂಗಡಿಯ ವ್ಯಾನು ನಿಂತಿತ್ತು. ವ್ಯಾನಿನಲ್ಲಿ ಫ್ರಿಜ್ಜು. “ನಿಮ್ಮನೆಗೇ ಹೊರಟಿದ್ದೆ ಅಕ್ಕ, ಅಭಿನಂದನೆ,” ಎಂದ ವ್ಯಾನಿನವನು. ಅವಳು ಹತ್ತಿ ಕೂತು ಅವನ ಮುಂದೆ ಕಾರ್ಡು ಹಿಡಿದಳು. ದಾರಿಯುದ್ದಕ್ಕೂ ಹಿಂದುಗಡೆ ಫ್ರಿಜ್ಜು ತಿರುವು ತಿರುವಿಗೂ ಗುದ್ದುತ್ತಿತ್ತು. ಚರ್ಚಿನಲ್ಲಿ ಮುನ್ನೂರು ಜನ ಕಾಯುತ್ತಾರೆ. ಆ ಕೂಸು ಸಿಗದಿದ್ದರೆ ಅವಳು ಇನ್ನು ಯಾವ ಮುಖ ಹೊತ್ತು ಆ ಬಾಗಿಲು ದಾಟುತ್ತಾಳೆ?

ಕಾರ್ಡಿನ ವಿಳಾಸ ಒಬ್ಬ ಬಡಗಿಯದು; ಅವನ ಕೆಲಸದ ಮನೆ ಒಂದು ಓಣಿಯ ಕೊನೆಗೆ. ನೆಲದ ತುಂಬ ಮರದ ಹೊಟ್ಟು, ಗೋಡೆಗೆ ಒರಗಿಸಿದ ಬಾಗಿಲ ಚೌಕಟ್ಟುಗಳು, ನಡುವೆ ಕಾಲು ಕೂಡಿಸದ ತೊಟ್ಟಿಲು. ಬಡಗಿಗೆ ಅರವತ್ತು ದಾಟಿದೆ. ಮೂಗಿನ ತುದಿಗೆ ಕನ್ನಡಕ, ಕಿವಿಯ ಹಿಂದೆ ಪೆನ್ಸಿಲ್ಲು. ಅವನು ಮೇಜಿನ ಮೇಲೆ ಬಗ್ಗಿ ಏನನ್ನೋ ಕೆರೆಯುತ್ತಿದ್ದ. ಪಕ್ಕದಲ್ಲಿ ಜರಿ ಅಂಗಿ, ಮುತ್ತಿನ ಸರ, ಕಿರೀಟ ಮೂರನ್ನೂ ಒಂದು ತಟ್ಟೆಯಲ್ಲಿ ಅಚ್ಚುಕಟ್ಟಾಗಿ ಇಟ್ಟಿದ್ದ.

“ಅಣ್ಣಾ, ಆ ಕೂಸು ಮಾರೋದಲ್ಲ. ಅದು ನಮ್ಮ ಚರ್ಚಿಂದು. ತಪ್ಪಾಗಿದೆ,” ಎಂದು ಒಂದೇ ಉಸಿರಿಗೆ ಹೇಳಿ ಹತ್ತಿರ ಹೋದಳು.

ಹೋದವಳು ಅಲ್ಲೇ ನಿಂತಳು. ಕೂಸಿಗೆ ಮುಖವಿರಲಿಲ್ಲ. ಅಂದರೆ, ಅವಳಿಗೆ ಗೊತ್ತಿದ್ದ ಮುಖವಿರಲಿಲ್ಲ. ಕುತ್ತಿಗೆಯಿಂದ ಮೇಲೆ ಬಣ್ಣವೆಲ್ಲ ಎದ್ದುಹೋಗಿ, ಕಂದು ಮರ ಹೊರಬಂದಿತ್ತು. ಒಂದು ಕೈಯೂ ಬಿಡಿಸಿಯಾಗಿತ್ತು. ಐದು ಬೆರಳೂ ಬೇರೆ ಬೇರೆಯಾಗಿ ಗಾಳಿಯನ್ನು ಹಿಡಿಯಲು ಹೊರಟಂತೆ ಅಗಲವಾಗಿದ್ದವು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಬಾಯಿ ದೊಡ್ಡದಾಗಿ ತೆರೆದಿತ್ತು. ಕೂಸು ಅಳುತ್ತಿತ್ತು.

“ನೀವು ಇದೇನು ಮಾಡಿದ್ರಿ!”

“ನಾನೇನೂ ಮಾಡ್ಲಿಲ್ಲಮ್ಮ. ಮೇಲಿದ್ದದ್ದು ತೆಗೆದೆ ಅಷ್ಟೇ,” ಎಂದ ಬಡಗಿ. “ಇಷ್ಟು ದಪ್ಪ ಬಣ್ಣ ನಾನು ಯಾವ ಹಳೇ ಬಾಗಿಲ ಮೇಲೂ ನೋಡಿಲ್ಲ. ಬಾಯಿಗೆ ಮರದ ಬಿರುಕು ಮುಚ್ಚೋ ಪುಟ್ಟಿ ತುಂಬಿ, ಮೇಲೆ ನಗು ಬರೆದಿದ್ರು. ಒಳಗೆ ನೋಡಿ, ನಾಲಗೆ ಕೆತ್ತಿದಾನೆ. ಸಣ್ಣ ಉಳಿನೂ ಹೋಗದ ಜಾಗ ಅದು. ಕೈಯಲ್ಲಿ ಏನಿಟ್ಕೊಂಡು ಕೆತ್ತಿದ್ನೋ ಆ ಪುಣ್ಯಾತ್ಮ.”

ಅವಳಿಗೆ ಅಳು ಒತ್ತರಿಸಿ ಬಂತು. ಎಲ್ಲವನ್ನೂ ಹೇಳಿದಳು, ಸ್ಪರ್ಧೆ, ಫ್ರಿಜ್ಜು, ಫೋಟೋ, ಐದು ಗಂಟೆಯ ಪೂಜೆ. ಬಡಗಿ ಕನ್ನಡಕ ತೆಗೆದು ಒರೆಸಿಕೊಂಡ.

“ತಗೊಂಡು ಹೋಗಿ. ನಿಮ್ಮದು ನಿಮಗೆ. ಅಂಗಡಿ ಮಾಲಲ್ಲ ಅಂತ ನನಗೆ ಆಗ್ಲೇ ಹೊಳೀಬೇಕಿತ್ತು.”

“ಹೀಗೇ ಹೇಗೆ ತಗೊಂಡು ಹೋಗ್ಲಿ ಅಣ್ಣ? ಇನ್ನೂ ಎರಡು ಗಂಟೆ ಇದೆ. ಮೊದಲು ಹೇಗಿತ್ತೋ ಹಾಗೆ ಮಾಡ್ಕೊಡಿ. ಬಾಯಿ ಮುಚ್ಚಿ, ಮೇಲೆ ಗುಲಾಬಿ ಬಳಿದ್ರೆ ಯಾರಿಗೂ ಗೊತ್ತಾಗಲ್ಲ.”

ಬಡಗಿ ಬೆರಳ ತುದಿಯಿಂದ ಕೂಸಿನ ಬಾಯಿಯ ಧೂಳು ಒರೆಸಿದ. “ಬಣ್ಣ ಇದೆ. ಬೇಗ ಒಣಗೋದೇ ಇದೆ. ಆದ್ರೆ ಆ ಬಾಯಿ ನನ್ನ ಕೈಲಿ ಮುಚ್ಚಕ್ಕಾಗಲ್ಲಮ್ಮ. ನೀವು ಇದೇ ಕಸುಬಿನವರಲ್ವಾ, ನೀವೇ ಮುಚ್ಚಿ,” ಎಂದು ಪುಟ್ಟಿಯ ಡಬ್ಬಿಯನ್ನೂ ಒಂದು ಸಣ್ಣ ಅಲಗನ್ನೂ ಅವಳ ಮುಂದಿಟ್ಟು, ಹೊರಗೆ ಹೋಗಿ ವ್ಯಾನಿನವನ ಜೊತೆ ಮಾತಿಗೆ ನಿಂತ.

ಅವಳಿಗೆ ಅದು ಕಷ್ಟದ ಕೆಲಸವೇ ಅಲ್ಲ. ಒಡೆದ ಗೊಂಬೆಗಳ ಮೂಗು, ಬೆರಳು, ಕಿವಿ ಎಷ್ಟು ಸರಿಮಾಡಿದ್ದಾಳೋ ಲೆಕ್ಕವಿಲ್ಲ. ಅಲಗಿನ ತುದಿಗೆ ಕಡಲೆಯಷ್ಟು ಪುಟ್ಟಿ ತೆಗೆದುಕೊಂಡಳು. ಎಡಗೈಯಲ್ಲಿ ಕೂಸಿನ ತಲೆ ಹಿಡಿದಳು. ಬಾಯಿಯ ಹತ್ತಿರ ಒಯ್ದಳು.

ಅಷ್ಟು ಹತ್ತಿರದಿಂದ ನೋಡಿದಾಗ ಅವಳಿಗೆ ಆ ಅಳು ಯಾವುದೆಂದು ತಿಳಿಯಿತು. ನೋವಿನದಲ್ಲ, ಹಠದ್ದೂ ಅಲ್ಲ. ಹುಟ್ಟಿದ ಕ್ಷಣದಲ್ಲಿ ಮಕ್ಕಳು ಅಳುತ್ತವಲ್ಲ, ಇನ್ನೂ ಯಾರೂ ಎತ್ತಿಕೊಂಡಿರದಾಗ, ಅದು. ಅವಳ ಮಗಳೂ ಹೀಗೇ ಅತ್ತಿದ್ದಳು, ಬೆರಳು ಅಗಲಿಸಿಕೊಂಡು. ಆಗ ಗೊಂಬೆಯಕ್ಕ, ‘ಕೊಡಿ, ಇಲ್ಲಿ ಕೊಡಿ’ ಎಂದು ಎರಡೂ ಕೈ ಚಾಚಿದ್ದಳು. ಈ ಕೂಸು ಎಷ್ಟು ವರ್ಷದಿಂದ ಎತ್ತಿಕೊಳ್ಳಿ ಎಂದು ಕೇಳುತ್ತಿತ್ತೋ. ಅವರು ಅದಕ್ಕೆ ಸರ ಹಾಕಿದರು, ಕಿರೀಟ ಇಟ್ಟರು, ಬಾಯಿಗೆ ಪುಟ್ಟಿ ತುಂಬಿದರು. ಅವಳಂತೂ ನಿನ್ನೆ ಕೊನೆಯದಾಗಿ ತುಟಿಗೆ ಬಣ್ಣ ಹಚ್ಚಿ ಮೊಹರು ಹಾಕಿದ್ದಳು.

“ಅಪ್ಪಾ ದೇವರೇ, ನನ್ನ ಕೈಲಾಗಲ್ಲ,” ಎಂದಳು ಜೋರಾಗಿಯೇ. ಆ ವರ್ಷ ಅವಳು ಮಾಡಿದ ಪ್ರಾರ್ಥನೆ ಅದೊಂದೇ ಇರಬೇಕು. ಪುಟ್ಟಿಯನ್ನು ಮೇಜಿನ ಅಂಚಿಗೆ ಒರೆಸಿದಳು. ಉಳಿದ ಹೊತ್ತೆಲ್ಲ ಅವಳೂ ಬಡಗಿಯೂ ಎದುರುಬದುರು ಕೂತು, ಅವಳು ಕಾಲಿನ ಕಡೆಯಿಂದ, ಅವನು ಬೆನ್ನಿನ ಕಡೆಯಿಂದ, ಮಿಕ್ಕ ಬಣ್ಣವನ್ನೂ ತೆಗೆದರು.

ಹೊರಡುವಾಗ ವ್ಯಾನಿನವನಿಗೆ ಹೇಳಿದಳು, “ನನ್ನನ್ನ ಚರ್ಚಿನ ಹತ್ರ ಇಳಿಸಿ, ಫ್ರಿಜ್ಜು ವಾಪಸ್ ತಗೊಂಡು ಹೋಗಿಬಿಡಿ. ಎರಡನೇ ಬಹುಮಾನ ಯಾರಿಗೆ ಬಂತೋ ಅವರಿಗೆ ಕೊಡ್ಲಿ.”

“ಪ್ರೆಶರ್ ಕುಕ್ಕರ್‌ಗಳನ್ನ ಗೋಪುರ ಮಾಡಿ ಅದರ ತುದಿಗೆ ನಕ್ಷತ್ರ ಸಿಗಿಸಿದ್ರಲ್ಲ, ಅವರಿಗಾ?”

“ಅವರಿಗೇ.”

“ಯೋಚನೆ ಮಾಡಿ ಅಕ್ಕ.”

“ಯೋಚನೆ ಮಾಡಿದ್ರೆ ಮನಸ್ಸು ಬದಲಾಗತ್ತೆ. ಬೇಗ ಹೊರಡಿ,” ಎಂದಳು. ಫ್ರಿಜ್ಜಿನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಏನಾಗುತ್ತಿತ್ತೋ ಅವಳಿಗೂ ಖಾತ್ರಿಯಿರಲಿಲ್ಲ.

ಚರ್ಚು ತುಂಬಿತ್ತು. ಯಜಮಾನರು ಬಾಗಿಲಲ್ಲೇ ಕಾಯುತ್ತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. “ಅಡುಗೆಮನೆ ಮೂಲೆ ಖಾಲಿ ಮಾಡಿ ಇಟ್ಟಿದೀನಿ, ಅಂಗಡಿಯಿಂದ ಫೋನ್ ಬಂದಿತ್ತು,” ಎಂದರು.

“ಅದು ಬರಲ್ಲ. ಆಮೇಲೆ ಹೇಳ್ತೀನಿ. ಈಗ ನನ್ನ ಜೊತೆ ನಡೀರಿ, ಒಬ್ಬಳೇ ಹೋಗಕ್ಕಾಗಲ್ಲ.”

ಇಬ್ಬರೂ ನಡುವಿನ ದಾರಿಯಲ್ಲಿ ನಡೆದರು. ಟವೆಲಿನಲ್ಲಿ ಸುತ್ತಿದ ಕೂಸು ಅವಳ ಎದೆಗೆ ಒತ್ತಿತ್ತು. ಗೋದಲಿಯ ಮುಂದೆ ನಿಂತು ಅವಳು ಜನರ ಕಡೆ ತಿರುಗಿದಳು.

“ಫಾದರ್, ಒಂದು ಮಾತು ಹೇಳಿ ಆಮೇಲೆ ಮಲಗಿಸ್ತೀನಿ,” ಎಂದಳು. ಹೇಳಿದಳು. ಸುತ್ತಿ ಬಳಸಲಿಲ್ಲ. ಒಂದು ಫ್ರಿಜ್ಜಿನ ಆಸೆಗೆ ಬಾಲಯೇಸುವನ್ನು ಅಂಗಡಿ ಕಿಟಕಿಗೆ ಇಟ್ಟೆ. ಮಾರಾಟ ಶುರುವಾಗುತ್ತೆ ಅಂತ ಗೊತ್ತಿದ್ದೂ ಫೋಟೋಕ್ಕೆ ನಿಂತೆ. ಅರ್ಧ ಬೆಲೆಗೆ ಮಾರಿಹೋಯಿತು. ಕೊನೆಗೆ ಟವೆಲು ಸರಿಸಿ ಕೂಸನ್ನು ಎತ್ತಿ ಹಿಡಿದಳು.

ಮೊದಲು ಮಾತಾಡಿದವರು ವಕೀಲರ ಹೆಂಡತಿ. “ಇದು ನಮ್ಮದಲ್ಲ. ನಮ್ಮ ಬಾಲಯೇಸು ನಗ್ತಿತ್ತು. ನಾನೇ ಅಂಗಿ ತೊಡಿಸಿದೀನಿ, ನನಗೆ ಗೊತ್ತಿಲ್ವಾ?”

“ಇದೇ ನಮ್ಮದು,” ಎಂಬ ಸಣ್ಣ ದನಿ ಮುಂದಿನ ಬೆಂಚಿನಿಂದ ಬಂತು. ಊರಿನಲ್ಲೇ ಹಿರಿಯಳಾದ ಅಜ್ಜಿ, ತೊಂಬತ್ತರ ಮೇಲಾಗಿದೆ. ಬೆಂಚು ಹಿಡಿದು ಎದ್ದು ನಿಂತಳು. “ನಾನು ಸಣ್ಣವಳಿದ್ದಾಗ ಇದು ಅಳ್ತಿತ್ತು. ಒಂದು ವರ್ಷ ನಮ್ಮನೆಗೆ ಬಂದಾಗ, ಹಬ್ಬದ ದಿನ ಅಳೋ ಮುಖ ಯಾಕೆ ಅಂತ ನಮ್ಮಪ್ಪನೇ ಬಾಯಿಗೆ ಪುಟ್ಟಿ ತುಂಬಿದ್ದು. ದೀಪ ಹಿಡ್ಕೊಂಡಿದ್ದವಳು ನಾನು. ಎಲ್ಲರೂ ಚೆಂದ ಆಯ್ತು ಅಂದ್ರು. ನಾನೂ ಅಂದೆ. ಎಂಬತ್ತು ವರ್ಷ ಬಾಯಿ ಬಿಡ್ಲಿಲ್ಲ.”

ಅವಳು ಮೆಲ್ಲಗೆ ಮುಂದೆ ಬಂದಳು. ಗೊಂಬೆಯಕ್ಕ ಕೂಸನ್ನು ಗೋದಲಿಗೆ ಇಳಿಸಲು ಬಗ್ಗಿದ್ದಳು.

“ಏ ಹುಡುಗಿ, ಅಳೋ ಮಗೂನ ಯಾರಾದ್ರೂ ಕೆಳಗೆ ಮಲಗಿಸ್ತಾರಾ? ಕೊಡು ಇಲ್ಲಿ,” ಎಂದಳು ಅಜ್ಜಿ.

ಕೊಟ್ಟಳು. ಅಜ್ಜಿ ಆ ಮರದ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟತೊಡಗಿದಳು. ಯಾರಿಗೂ ನಗು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದವಳು ಕೈ ಚಾಚಿದಳು, ಅವಳಿಂದ ಡಾಕ್ಟರು ತೆಗೆದುಕೊಂಡರು. ಫಾದರ್ ಪೂಜೆ ಆರಂಭಿಸಿದರು. ಬರೆದುಕೊಂಡು ಬಂದಿದ್ದ ಪ್ರಸಂಗವನ್ನು ಓದಲಿಲ್ಲ. ಗೋದಲಿ ಖಾಲಿಯೇ ಇತ್ತು. ಹಾಡು, ಓದು, ಪ್ರಾರ್ಥನೆ ನಡೆಯುತ್ತಿದ್ದಂತೆ ಕೂಸು ಒಂದು ತೋಳಿನಿಂದ ಇನ್ನೊಂದಕ್ಕೆ, ಒಂದು ಬೆಂಚಿನಿಂದ ಹಿಂದಿನದಕ್ಕೆ ಹೋಗುತ್ತಿತ್ತು. ಗಂಡಸರು ಮೊದಲು ಸಂಕೋಚಪಟ್ಟು, ಆಮೇಲೆ ಬೇಗ ಬಿಟ್ಟುಕೊಡಲಿಲ್ಲ. ಯಜಮಾನರು ಅದನ್ನು ಹಿಡಿದುಕೊಂಡು ಪೂರಾ ಒಂದು ಹಾಡು ಮುಗಿಯುವವರೆಗೆ ನಿಂತಿದ್ದರು.

ಗೊಂಬೆಯಕ್ಕ ಕೊನೆಯ ಸಾಲಿನ ಕಂಬದ ಮರೆಗೆ ಹೋಗಿ ನಿಂತಿದ್ದಳು. ತನಗೆ ಆ ಸರದಿ ಇಲ್ಲವೆಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ಮಾರಿದವಳಿಗೆ ಯಾರು ಕೊಡುತ್ತಾರೆ? ನ್ಯಾಯವೇ ಅದು. ದೂರದಿಂದ ನೋಡಲು ಸಿಕ್ಕಿತಲ್ಲ, ಸಾಕು ಅಂದುಕೊಂಡಳು.

ಹೆಜ್ಜೆಯ ಸದ್ದಾಯಿತು. ವಕೀಲರ ಹೆಂಡತಿ ಎದುರಿಗೆ ನಿಂತಿದ್ದರು, ಕೂಸನ್ನು ಎರಡೂ ಕೈಯಲ್ಲಿ ಹಿಡಿದು. ಅವರ ಕಣ್ಣು ಕೆಂಪಾಗಿತ್ತು.

“ಹಿಡ್ಕೊಳ್ಳಿ ಅಕ್ಕ,” ಎಂದರು. “ತಲೆ ಹುಷಾರು.”

ಗೊಂಬೆಯಕ್ಕ ಮರದ ಕತ್ತಿನ ಕೆಳಗೆ ಅಂಗೈ ಕೊಟ್ಟು, ಕೂಸನ್ನು ಎತ್ತಿಕೊಂಡಳು.